ಫೈಬರ್ ಹಾಕಿಸಿದ ಮೇಲಿನ ಮೂರು ತೊಂದರೆಗಳು: ಚನ್ನಗಿರಿಯ ಸದಸ್ಯರಿಗೆ ಉತ್ತರ

ತೋಟದ ಮನೆಯ ಹಳೆಯ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಬಿಡಿಸಿ 100 ಎಂಬಿಪಿಎಸ್ ಫೈಬರ್ ಹಾಕಿಸಿದ ಮೇಲೆ ಮೊಬೈಲ್‌ನಲ್ಲಿ ವೇಗ 30 ದಾಟುತ್ತಿಲ್ಲ, ಆಗಾಗ ಕೆಂಪು ದೀಪ ಉರಿಯುತ್ತದೆ, ಅಡಿಕೆ ಒಣಗಿಸುವ ಕಣದ ಕ್ಯಾಮೆರಾ ದಾವಣಗೆರೆಯಿಂದ ಕಾಣುತ್ತಿಲ್ಲ ಎಂದು ಬರೆದಿದ್ದೀರಿ. ಮೂರಕ್ಕೂ ಕಾರಣ ಬೇರೆ ಬೇರೆ ಇರುವ ಸಂಭವವೇ ಹೆಚ್ಚು. ಎಲ್ಲವನ್ನೂ ಸೇರಿಸಿ ದೂರು ಕೊಟ್ಟರೆ ಮೋಡೆಮ್ ರೀಸೆಟ್ ಮಾಡಿ ಎಂಬ ಮಾಮೂಲು ಉತ್ತರ ಬರುತ್ತದೆ. ದಯವಿಟ್ಟು ರೀಸೆಟ್‌ನ ಆ ಸಣ್ಣ ರಂಧ್ರಕ್ಕೆ ಪಿನ್ನು ಹಾಕಬೇಡಿ. ಮೋಡೆಮ್ ಕಂಪನಿಯ ಜಾಲಕ್ಕೆ ಲಾಗಿನ್ ಆಗಲು ಬೇಕಾದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ಆ ಜಾಲದಲ್ಲಿ ನಿಮ್ಮ ಸಂಪರ್ಕದ ದಾರಿ ಗುರುತಿಸುವ ವಿಲ್ಯಾನ್ ಸಂಖ್ಯೆ ಅಳಿಸಿಹೋದರೆ ಇರುವ ಸಂಪರ್ಕವೂ ಹೋಗಿ, ತಂತ್ರಜ್ಞರು ಮತ್ತೆ ಬರುವವರೆಗೆ ಕಾಯಬೇಕಾಗುತ್ತದೆ.

ಕೆಂಪಾಗಿ ಉರಿಯುವ ಎಲ್‌ಒಎಸ್ ದೀಪದ ಅರ್ಥ ಮೋಡೆಮ್‌ಗೆ ಬೆಳಕು ತಲುಪುತ್ತಿಲ್ಲ ಎಂಬುದಾದ್ದರಿಂದ, ಒಳಗಿನ ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಸರಿಹೋಗದು. ಆಗಾಗ ಬಂದು ಹೋಗುತ್ತದೆ ಎಂದರೆ ಸೋಗೆ ಬಿದ್ದು ಕೇಬಲ್ ಜಗ್ಗಿರಬಹುದು, ಗೋಡೆಯ ಮೂಲೆಯಲ್ಲಿ ತೀರಾ ಮಡಚಿರಬಹುದು, ಇಲ್ಲವೇ ಜೋಡಣೆ ಸಡಿಲವಾಗಿರಬಹುದು. ಹಸಿರು ತುದಿಯ ಕನೆಕ್ಟರ್ ಇರಬೇಕಾದ ಕಡೆ ನೀಲಿ ತುದಿಯದನ್ನು ಸಿಕ್ಕಿಸಿದರೂ ಬೆಳಕು ನಷ್ಟವಾಗುತ್ತದೆ, ಏಕೆಂದರೆ ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ. ತಂತ್ರಜ್ಞರು ಬಂದಾಗ ಪವರ್ ಮೀಟರ್ ಇಟ್ಟು ಅಳೆಯಲು ಕೇಳಿ: ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ) ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ, ಮೈನಸ್ 27ರ ಹತ್ತಿರ ಹೋದರೆ ಸಾಮಾನ್ಯ ಮೋಡೆಮ್‌ಗಳು ತಡವರಿಸುತ್ತವೆ. ಆ ಅಂಕಿಯನ್ನು ಬರೆದಿಟ್ಟುಕೊಂಡು ಮುಂದಿನ ದೂರಿನಲ್ಲಿ ನಮೂದಿಸಿದರೆ ಮಾತಿಗೆ ತೂಕ ಬರುತ್ತದೆ. ಬಿಚ್ಚಿದ ತುದಿಯೊಳಗೆ ಮಾತ್ರ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣದು, ಆದರೂ ಅಪಾಯಕಾರಿ.

ವೇಗವನ್ನು ಮೊಬೈಲ್‌ನಲ್ಲಿ ನೋಡಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಹನಿ ನೀರಾವರಿಯ ಮೇನ್ ಪೈಪಿನಲ್ಲಿ ಎಷ್ಟೇ ಒತ್ತಡವಿದ್ದರೂ ಲ್ಯಾಟರಲ್ ಕಟ್ಟಿಕೊಂಡಿದ್ದರೆ ಕೊನೆಯ ಗಿಡಕ್ಕೆ ನೀರು ಹನಿಯುವುದಿಲ್ಲವಷ್ಟೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ಮೋಡೆಮ್‌ಗೆ ಜೋಡಿಸಿ ಅಳೆಯಿರಿ. 90ರ ಮೇಲೆ ತೋರಿಸಿದರೆ ಕಂಪನಿಯ ಕೆಲಸ ಸರಿಯಾಗಿದೆ, ಕೊರತೆ ವೈಫೈನಲ್ಲಿದೆ. ವೈಫೈನ ಎರಡು ತರಂಗಗಳಲ್ಲಿ 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗದ್ದಾದರೂ ನಮ್ಮ ಹಳೆಯ ಮನೆಗಳ ದಪ್ಪ ಗೋಡೆಯನ್ನು ದಾಟಲು ಒದ್ದಾಡುತ್ತದೆ. ಮೋಡೆಮನ್ನು ನಡುಮನೆಗೆ ತರಿಸಿ, ಅಥವಾ ಕಣದವರೆಗೆ 100 ಮೀಟರ್ ಮೀರದಂತೆ ಲ್ಯಾನ್ ಕೇಬಲ್ ಎಳೆದು ಅಲ್ಲೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ (ಅಲ್ಲಿ ವೈಫೈ ಹರಡುವ ಸಾಧನ) ಆಗಿ ಇಡಿ.

ಕ್ಯಾಮೆರಾ ವಿಷಯದಲ್ಲಿ ಮೊದಲು ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನ ಐಪಿ ವಿಳಾಸ (ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ನೋಡಿ. ಹಳೆಯ ಮೋಡೆಮ್ 192.168.1ರಿಂದ ಆರಂಭವಾಗುವ ವಿಳಾಸ ಕೊಡುತ್ತಿದ್ದು, ಹೊಸದು 192.168.100ರದ್ದನ್ನು ಕೊಡುತ್ತಿದ್ದರೆ, ಡಿವಿಆರ್‌ನಲ್ಲಿ ಕೈಯಾರೆ ಬರೆದಿಟ್ಟ ವಿಳಾಸದಿಂದ ಅದು ಹೊರಗೆ ಹೋಗಲಾರದು; ಮೋಡೆಮ್ ತಾನೇ ವಿಳಾಸ ಕೊಡುವ ಡಿಎಚ್‌ಸಿಪಿಗೆ ಬದಲಿಸಿ. ವೈಫೈ ಕ್ಯಾಮೆರಾ ಆಗಿದ್ದರೆ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಹೊಸ ಮೋಡೆಮ್‌ನ 2.4 ಗಿಗಾಹರ್ಟ್ಸ್‌ಗೆ ಕೊಡಿ, ಭದ್ರತೆಯನ್ನು ಡಬ್ಲ್ಯೂಪಿಎ2ಕ್ಕೆ ಇಡಿ. ಇಷ್ಟಾದ ಮೇಲೂ ಹೊರಗಿನಿಂದ ಕಾಣದಿದ್ದರೆ ಮೋಡೆಮ್‌ನ ವ್ಯಾನ್ ವಿಳಾಸ (ಕಂಪನಿ ಮೋಡೆಮ್‌ಗೆ ಕೊಟ್ಟ ಹೊರಬದಿಯ ವಿಳಾಸ) 100.64ರಿಂದ 100.127ರ ನಡುವೆ ಆರಂಭವಾಗುತ್ತದೆಯೇ ಎಂದು ಪರೀಕ್ಷಿಸಿ. ಹಾಗಿದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಲಾಗಿದೆ ಎಂದರ್ಥ. ಹೊರಗಿನ ಕರೆಯನ್ನು ಮೋಡೆಮ್ ಮೂಲಕ ಡಿವಿಆರ್‌ಗೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್‌ನಿಂದ ಪ್ರಯೋಜನವಿಲ್ಲ, ಕ್ಯಾಮೆರಾ ತಯಾರಕರ ಆಪ್‌ನಲ್ಲಿ ಪಿಟುಪಿ (ತಯಾರಕರ ಸರ್ವರ್ ನೆರವಿನಿಂದ ಜೋಡಿಸುವ ವ್ಯವಸ್ಥೆ) ಚಾಲೂ ಮಾಡಬೇಕು, ಇಲ್ಲವೇ ಹಣ ಕೊಟ್ಟು ಸ್ಟಾಟಿಕ್ ಐಪಿ (ನಿಮಗಷ್ಟೇ ಮೀಸಲಾದ, ಬದಲಾಗದ ಸಾರ್ವಜನಿಕ ವಿಳಾಸ) ಪಡೆಯಬೇಕು.

ಸಿಡಿಲಿನ ಬಗ್ಗೆ ಕೇಳಿದ್ದಿರಿ. ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ, ಆದರೆ ಕಂಬದಿಂದ ಬರುವ ಕೇಬಲ್‌ಗೆ ಆಧಾರವಾಗಿರುವ ಉಕ್ಕಿನ ತಂತಿ ಒಯ್ಯುತ್ತದೆ; ಅದನ್ನು ಗೋಡೆಯ ಹೊರಗಿನ ಕೊಕ್ಕೆಯಲ್ಲೇ ಕೊನೆಗೊಳಿಸಲು ಹೇಳಿ. ಗುಡುಗು ಶುರುವಾದಾಗ ಅಡಾಪ್ಟರಿನ ಜೊತೆಗೆ ಕಣಕ್ಕೆ ಹೋಗುವ ಲ್ಯಾನ್ ಕೇಬಲ್ಲನ್ನೂ ಕಳಚಿಡಿ.