ಹುಲಿ ಕಾಣಬೇಕೋ, ಗೆಳತಿ ಬರಬೇಕೋ?

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಕಾಲೇಜಿನ ದಿನಗಳಿಂದ ನಾವು ನಾಲ್ವರು ಗೆಳತಿಯರು. ಈ ಬೇಸಿಗೆ ರಜೆಯಲ್ಲಿ ಗಂಡಂದಿರು, ಮಕ್ಕಳು ಸೇರಿ ಹದಿನೈದು ಮಂದಿ ರಾಷ್ಟ್ರೀಯ ಉದ್ಯಾನಗಳನ್ನು ನೋಡಿ ಬರುವುದೆಂದು ಮಾತಾಯಿತು. ವ್ಯವಸ್ಥೆಯ ಹೊಣೆ ನನ್ನ ಮೇಲೆ ಬಿತ್ತು. ವಿಜಯಪುರದ ಗೆಳತಿಯ ಗಂಡ ಗುತ್ತಿಗೆದಾರರು. ಅವರ ಯೋಜನೆ ಹೀಗಿದೆ: ನಮ್ಮ ನಮ್ಮ ಕಾರುಗಳಲ್ಲಿ ರಾತ್ರಿಯೇ ಹೊರಡುವುದು, ಕಬಿನಿಯ ರೆಸಾರ್ಟಿನಲ್ಲಿ ಎರಡು ದಿನ, ಆಮೇಲೆ ಬಂಡೀಪುರ, ಊಟಿ, ದಾರಿಯಲ್ಲಿ ಕಾಡಿನ ಪಕ್ಕ ಒಲೆ ಹೂಡಿ ಅಡುಗೆ, ಐದನೆಯ ದಿನ ವಾಪಸ್. ಒಂದು ಕುಟುಂಬಕ್ಕೆ 70 ಸಾವಿರ ಬೇಕು. ಜಮಖಂಡಿಯವರು ಒಪ್ಪಿದ್ದಾರೆ. ಗುಳೇದಗುಡ್ಡದ ಗೆಳತಿ ಮಾತ್ರ ‘ನೋಡೋಣ’ ಎನ್ನುತ್ತಾಳೆ. ಅವರ ಮನೆಯಲ್ಲಿ ಖಣದ ಮಗ್ಗಗಳಿವೆ, ವ್ಯಾಪಾರ ಬಿದ್ದುಹೋಗಿದೆ ಎಂದು ನನಗೆ ಗೊತ್ತು. ಅವಳು ಬಾಯಿ ಬಿಟ್ಟು ಹೇಳುವುದಿಲ್ಲ. ಅವಳ ಪಾಲನ್ನು ನಾನೇ ಗುಟ್ಟಾಗಿ ಕಟ್ಟಲೇ? ‘ಬರುವವರು ಬರಲಿ, ಉಳಿದವರನ್ನು ಬಿಡು’ ಎಂದು ನನ್ನ ಯಜಮಾನರು ಹೇಳುತ್ತಾರೆ. ಭಾನುವಾರದೊಳಗೆ ಮುಂಗಡ ಕಟ್ಟಬೇಕು.
– ಹೆಸರು ಬೇಡ, ನವನಗರ

ಉತ್ತರ: ತಂಗಿ, ಗುಟ್ಟಾಗಿ ಕಟ್ಟಬೇಡಿ, ಅವಳನ್ನು ಬಿಟ್ಟೂ ಹೋಗಬೇಡಿ. ಬದಲಾಗಬೇಕಾದದ್ದು ಪ್ರವಾಸ.

ಗುಟ್ಟಿನ ಮಾತು ಮೊದಲು. ಹದಿನೈದು ಮಂದಿ ಐದು ದಿನ ಒಟ್ಟಿಗಿರುವಾಗ ಯಾರ ಹಣ ಯಾರು ಕಟ್ಟಿದರು ಎಂಬುದು ಮುಚ್ಚಿಡಲು ಆಗದು. ರೆಸಾರ್ಟಿನ ಗುಮಾಸ್ತನೊಬ್ಬ ರಸೀದಿ ಓದುತ್ತಾನೆ, ಇಲ್ಲವೇ ನಿಮ್ಮ ಮಗನೇ ಮನೆಯಲ್ಲಿ ಕೇಳಿಸಿಕೊಂಡದ್ದನ್ನು ಅವಳ ಮಗಳ ಎದುರು ಆಡಿಬಿಡುತ್ತಾನೆ. ಆಗ ನಿಮ್ಮ ಗೆಳತಿ ಕೇಳದೆಯೇ ಸಾಲಗಾರಳಾಗುತ್ತಾಳೆ, ಅದೂ ಗಂಡನ ಮುಂದೆ. ನೇಕಾರರ ಮನೆತನದ ಆ ಮನುಷ್ಯ ಅಂಥದ್ದನ್ನು ಸುಲಭವಾಗಿ ಮರೆಯಲಾರ. ನಿಮ್ಮದು ಒಳ್ಳೆಯ ಮನಸ್ಸೇ. ಆದರೆ 70 ಸಾವಿರದ ಉಪಕಾರವನ್ನು ಹೊತ್ತುಕೊಂಡು ಸರಿಸಮವಾಗಿ ನಗುವುದು ಯಾರಿಗೂ ಕಷ್ಟ.

ಇನ್ನೊಂದು ಮಾತನ್ನು ನೀವು ಗಮನಿಸಿದಂತಿಲ್ಲ. ಕೈ ಬಿಗಿ ಇರುವವರನ್ನು ಹೆಚ್ಚು ಕಾಡುವುದು ಮೊದಲೇ ಹೇಳಿದ ದೊಡ್ಡ ಮೊತ್ತವಲ್ಲ. ಅದಕ್ಕೆ ಹೇಗೋ ಹೊಂದಿಸುತ್ತಾರೆ, ಚೀಟಿ ಎತ್ತುತ್ತಾರೆ. ನಡುದಾರಿಯಲ್ಲಿ ಏಳುವ ಖರ್ಚು ಅವರನ್ನು ಹಣ್ಣು ಮಾಡುತ್ತದೆ. ‘ಇನ್ನೊಂದು ಸಫಾರಿ ಹೋಗೋಣ’, ‘ಮಕ್ಕಳಿಗೆ ದೋಣಿ ಸವಾರಿ ಮಾಡಿಸೋಣ’, ‘ಊಟಿಯ ಚಾಕೊಲೇಟ್ ಒಯ್ಯದೆ ಹೇಗೆ ಹೋಗುವುದು’ ಎಂದು ಯಾರೋ ಹೇಳುತ್ತಾರೆ, ಎಲ್ಲ ಮಕ್ಕಳೂ ಓಡುತ್ತಾರೆ, ಒಂದು ಮಗು ಮಾತ್ರ ನಿಂತು ತಾಯಿಯ ಮುಖ ನೋಡುತ್ತದೆ. ನೀವು ಗುಟ್ಟಾಗಿ ಪಾಲು ಕಟ್ಟಿದರೂ ಈ ಗಳಿಗೆಯಿಂದ ಅವಳನ್ನು ಉಳಿಸಲಾರಿರಿ. ಆದ್ದರಿಂದ ಎಲ್ಲಿಗೇ ಹೋಗಿ, ವಾಹನ, ವಸತಿ, ಊಟ, ಸಫಾರಿ, ದಾರಿಯ ಚಹಾ, ಮಕ್ಕಳ ಐಸ್‌ಕ್ರೀಮ್ ಎಲ್ಲವೂ ಸೇರಿದ ಒಂದೇ ಮೊತ್ತವನ್ನು ಹೊರಡುವ ಮೊದಲೇ ಗೊತ್ತು ಮಾಡಿ. ಹಣ ಒಬ್ಬರ ಕೈಯಲ್ಲಿರಲಿ, ಖರ್ಚೆಲ್ಲ ಅಲ್ಲಿಂದಲೇ ಆಗಲಿ. ಆ ಒಬ್ಬರು ಗುಳೇದಗುಡ್ಡದವಳು ಆಗುವುದು ಬೇಡ. ಗೌರವ ಕೊಡಲು ಹೋಗಿ ಪ್ರತಿ ರೂಪಾಯಿಗೆ ಅವಳು ಬೆವರುವಂತೆ ಮಾಡುತ್ತೀರಿ. ಜಮಖಂಡಿಯವರಿಗೆ ವಹಿಸಿ.

ಈಗ ಗುತ್ತಿಗೆದಾರರ ಯೋಜನೆಗೆ ಬರುತ್ತೇನೆ. ಅವರಿಗೆ ಕಾಡಿನ ಆಯ್ಕೆ ಗೊತ್ತಿದೆ, ಒಪ್ಪುತ್ತೇನೆ. ನಾಗರಹೊಳೆ ಮತ್ತು ಬಂಡೀಪುರಗಳ ನಡುವಿನ ಕಬಿನಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಬಯಲಾದ ನೆಲದಲ್ಲಿ ಹುಲ್ಲು ಚಿಗುರುತ್ತದೆ, ಅದಕ್ಕಾಗಿ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಎಲೆ ಉದುರಿದ ಬಂಡೀಪುರದಲ್ಲಿ ಪ್ರಾಣಿಗಳು ದೂರದಿಂದಲೇ ಕಾಣುತ್ತವೆ, ನೀರಿನ ಹೊಂಡಗಳ ಬಳಿ ಹುಲಿ ಸಿಗುವ ಸಾಧ್ಯತೆಯೂ ಹೆಚ್ಚು. ಆದರೆ ಉಳಿದ ಯೋಜನೆಯನ್ನು ಅವರು ನಕಾಶೆ ನೋಡದೆ ಮಾಡಿದಂತಿದೆ. ಬಾಗಲಕೋಟೆಯಿಂದ ಬಂಡೀಪುರಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಊಟಿ ಸೇರಿದರೆ ಐದು ದಿನಗಳಲ್ಲಿ ಎರಡಕ್ಕೂ ಹೆಚ್ಚು ದಿನ ಆಸನದ ಮೇಲೆಯೇ ಕಳೆಯುತ್ತವೆ. ರಾತ್ರಿಯೆಲ್ಲ ಓಡಿಸಿ ಕಾಡು ದಾಟುವ ಲೆಕ್ಕವಿದ್ದರೆ ಬಂಡೀಪುರದಲ್ಲಿ ಗೇಟು ಹಾಕಿರುತ್ತದೆ: 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ನೀಲಗಿರಿಗೆ ಹೋಗಲು 2024ರ ಮೇ ತಿಂಗಳಿನಿಂದ ಇ-ಪಾಸ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯನ್ನೂ 2025ರಲ್ಲಿ ತಂದರು. ಸಫಾರಿಗೆ ಅವರ ದೊಡ್ಡ ಕಾರು ಉಪಯೋಗಕ್ಕೆ ಬಾರದು, ಸಫಾರಿಗೆಂದು ಇರುವ ವಾಹನದಲ್ಲೇ ಎಲ್ಲರೂ ಕೂರಬೇಕು. ಆ ಸಫಾರಿಯೂ ಖಾತ್ರಿಯಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತ್ತು. ಎಲ್ಲಿಗೆ ಹೋಗುವುದಿದ್ದರೂ ಹಣ ಕಟ್ಟುವ ಮುಂಚೆ ಅರಣ್ಯ ಇಲಾಖೆಯನ್ನು ವಿಚಾರಿಸಿ.

ಒಲೆ ಹೂಡುವ ಮಾತನ್ನಂತೂ ಮನಸ್ಸಿನಿಂದಲೇ ತೆಗೆದುಹಾಕಿ. ಬೇಸಿಗೆಯ ಕಾಡಿಗೆ ಒಂದು ಕಿಡಿ ಸಾಕು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಸಂರಕ್ಷಿತ ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ ಕೂಡ. ನಮ್ಮ ಕಡೆಯವರಿಗೆ ಅಷ್ಟು ತಾಪತ್ರಯವಾದರೂ ಏಕೆ? ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಅಗಸೆ ಚಟ್ನಿ, ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಎರಡು ದಿನ ಒಲೆಯ ನೆನಪೂ ಬಾರದು. ಈ ಬುತ್ತಿಯಲ್ಲಿ ನಾಲ್ಕೂ ಮನೆಗಳ ಪಾಲು ಸಮನಾಗಿರುತ್ತದೆ.

ನನ್ನ ಸಲಹೆ ದಾಂಡೇಲಿ. ಅಲ್ಲಿನ ವನ್ಯಧಾಮ ಮತ್ತು 1987ರಲ್ಲಿ ಘೋಷಿಸಿದ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ. ಆದ್ದರಿಂದ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದೆವು ಎಂದು ಯಾರೂ ಧೈರ್ಯವಾಗಿ ಹೇಳಬಹುದು. ಕುಳಗೇರಿ ಕ್ರಾಸ್, ನರಗುಂದ, ನವಲಗುಂದ, ಹುಬ್ಬಳ್ಳಿ ದಾಟಿ ಹೋದರೆ ದೂರ ಇನ್ನೂರು ಕಿಲೋಮೀಟರಿನ ಆಸುಪಾಸು. ನಸುಕಿನಲ್ಲಿ ಹೊರಟರೆ ಬಿಸಿಲು ಏರುವ ಮೊದಲೇ ಮರಗಳ ನೆರಳು ಸೇರುತ್ತೀರಿ. ಕುಳಗಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ, ದಾಂಡೇಲಿಯ ಸುತ್ತ ಎಲ್ಲ ದರದ ಹೋಮ್‌ಸ್ಟೇಗಳಿವೆ. ಮೂರು ದಿನ ಸಾಕು. ಖರ್ಚನ್ನು ನೀವೇ ಕೂಡಿ ನೋಡಿ, ಗುತ್ತಿಗೆದಾರರ ಲೆಕ್ಕದ ಹತ್ತಿರಕ್ಕೂ ಹೋಗದು.

ಅಲ್ಲಿ ಹುಲಿ ಕಾಣುವುದು ಅಪರೂಪ. ಕಾಡು ದಟ್ಟ, ಹುಲಿ ಹತ್ತು ಮಾರು ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ. ಕಾಳಿಯ ಹೆಮ್ಮೆ ಮಂಗಟ್ಟೆ ಹಕ್ಕಿ. ನೀವು ಹೋಗುವುದು ಅದರ ಗೂಡಿನ ಕಾಲ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ಹಕ್ಕಿ ವಾರಗಟ್ಟಲೆ ಹಣ್ಣು ತಂದು ಉಣಿಸುತ್ತದೆ. ಬೆಳಗಿನ ಹೊತ್ತು ದಾಂಡೇಲಿಯ ಮರದ ಡಿಪೋದ ಬಳಿ ನಿಂತರೆ ರೆಕ್ಕೆಯ ಸದ್ದು ಕೇಳಿಯೇ ಮಕ್ಕಳು ಬೆರಗಾಗುತ್ತಾರೆ, ಅದಕ್ಕೆ ಟಿಕೆಟ್ಟೂ ಇಲ್ಲ. ಗಣೇಶಗುಡಿಯ ರ‍್ಯಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ನೀರು ಬಿಡುವುದನ್ನು ನೆಚ್ಚಿಕೊಂಡದ್ದು. ಅದನ್ನು ಒಟ್ಟು ಮೊತ್ತದಲ್ಲಿ ಸೇರಿಸಿ, ಇಲ್ಲವೇ ಯಾರಿಗೂ ಬೇಡ ಎಂದು ಮೊದಲೇ ತೀರ್ಮಾನಿಸಿ.

ವಾಹನ ಒಂದೇ ಇರಲಿ. ನಾಲ್ಕು ಕಾರು ಎಂದರೆ ಕಾರಿಲ್ಲದವರು ಯಾರದೋ ಹಿಂದಿನ ಸೀಟಿನಲ್ಲಿ ಅತಿಥಿಗಳಾಗುತ್ತಾರೆ. ಹದಿನೈದು ಮಂದಿ ಹಿಡಿಸುವ, ಹಳದಿ ನಂಬರ್ ಫಲಕದ ಟೆಂಪೊ ಟ್ರಾವೆಲರ್ ಗೊತ್ತು ಮಾಡಿ. ನಮ್ಮೂರಿನ ರೂಢಿಯಂತೆ ಒಂದೇ ಕ್ರೂಸರಿನಲ್ಲಿ ಎಲ್ಲರನ್ನೂ ತುರುಕುವುದು ಬೇಡ. ಚಾಲಕರ ದಿನಭತ್ಯೆಯನ್ನೂ ಮೊತ್ತದಲ್ಲಿ ಸೇರಿಸಿ. ರಾತ್ರಿ ಅವರಿಗೆ ಮಲಗಲು ಜಾಗ ಕೇಳಿ ಪಡೆಯಿರಿ. ಎಷ್ಟೋ ಗುಂಪುಗಳು ಇದನ್ನು ಮರೆತು, ವಾಹನದಲ್ಲೇ ಒರಗಿದ ಮನುಷ್ಯನ ಕೈಗೆ ಮರುದಿನ ಮಕ್ಕಳನ್ನು ಒಪ್ಪಿಸುತ್ತವೆ.

ಈಗ ಕಷ್ಟದ ಕೆಲಸ. ಗುಂಪಿನಲ್ಲಿ ಸಂದೇಶ ಹಾಕುವ ಮೊದಲು ವಿಜಯಪುರದ ಗೆಳತಿಗೆ ಫೋನ್ ಮಾಡಿ, ಏಕೆಂದರೆ ಯೋಜನೆ ಅವಳ ಗಂಡನದು, ಎಲ್ಲರೆದುರು ತಿರುಗಿಸಿದರೆ ಅವರಿಗೆ ಮುಖಭಂಗ. ದೂರ, ಬಿಸಿಲು, ಬಂಡೀಪುರದ ಗೇಟು, ಊಟಿಯ ಪಾಸು, ವಾಂತಿ ಮಾಡುವ ಮಕ್ಕಳು, ಇವಿಷ್ಟೇ ಕಾರಣ ಹೇಳಿ. ಒಂದೂ ಸುಳ್ಳಲ್ಲ. ಗುಳೇದಗುಡ್ಡದ ಹೆಸರು ನಿಮ್ಮ ಬಾಯಿಂದ ಬರಬಾರದು, ವಿಜಯಪುರದವಳೇ ಊಹಿಸಿ ಕೇಳಿದರೂ ‘ನನಗೇ ಅಷ್ಟು ಖರ್ಚು ಕಷ್ಟ’ ಎನ್ನಿ. ಶಿಕ್ಷಕಿಯ ಸಂಬಳದಲ್ಲಿ ಅದೂ ನಿಜವೇ ಇರಬೇಕು. ಕಬಿನಿಯೇ ಬೇಕೆಂದು ಅವರು ಹಟ ಹಿಡಿದರೆ ದಸರಾ ರಜೆಯಲ್ಲಿ ತಾವೇ ಹೋಗಿ ಬರಲಿ, ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಗುಳೇದಗುಡ್ಡಕ್ಕೆ ಮಾತ್ರ ಫೋನ್ ಸಾಲದು, ಒಂದು ಸಂಜೆ ಹೋಗಿ ಬನ್ನಿ. ಹಣದ ಮಾತು ಎತ್ತಬೇಡಿ. ‘ದಾಂಡೇಲಿಗೆ ಮೂರು ದಿನ, ಎಲ್ಲ ಸೇರಿ ಇಷ್ಟು, ನಿನಗೆ ಯಾವ ವಾರ ಬಿಡುವು?’ ಎಂದು ಕೇಳಿ, ಅವಳು ಹೇಳಿದ ವಾರಕ್ಕೇ ಎಲ್ಲರನ್ನೂ ಹೊಂದಿಸಿ. ಆಗಲೂ ಅವಳು ಬೇಡವೆಂದರೆ ಕಾರಣ ಕೆದಕದೆ ಒಪ್ಪಿಕೊಂಡು ಉಳಿದವರು ಹೋಗಿ ಬನ್ನಿ, ಫೋಟೊಗಳನ್ನು ಗುಂಪಿನಲ್ಲಿ ಸುರಿಯಬೇಡಿ. ನಿಮ್ಮ ಯಜಮಾನರ ಮಾತಿಗೆ ಆ ಹಂತದಲ್ಲಿ ಸ್ವಲ್ಪ ಬೆಲೆ ಬರುತ್ತದೆ, ಈಗಲ್ಲ. ಭಾನುವಾರದ ಮುಂಗಡವನ್ನು ಕಟ್ಟಬೇಡಿ. ವಿಜಯಪುರದ ಫೋನ್ ಶುಕ್ರವಾರವೇ ಆಗಿಬಿಡಲಿ, ಗುಳೇದಗುಡ್ಡದ ಬಸ್ಸು ಶನಿವಾರ ಹತ್ತಬಹುದು.