ಫೇಲ್‌ಸೇಫ್ ಸೆಟ್ ಮಾಡಿದ್ದರೂ ಗಾಡಿ ಏಕೆ ನಿಲ್ಲಲಿಲ್ಲ?

ಮಳೆ ಹಿಂದಾಗಿ ಮೈದಾನ ಒಣಗಿತೆಂದರೆ ರಿಮೋಟ್ ಗಾಡಿ ಓಡಿಸುವವರಿಂದ ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಬೈಂಡ್ ಮಾಡುವುದು (ರಿಮೋಟಿಗೂ ಗಾಡಿಗೂ ಜೋಡಿ ಕಟ್ಟುವುದು) ಹೇಗೆ, ಗಾಡಿ ನೇರ ಹೋಗುವಂತೆ ಸರಿಹೊಂದಿಸುವ ಟ್ರಿಮ್ ಎಲ್ಲಿದೆ ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಅದೆಲ್ಲ ಇದೆ, ಓದಿ. ಈ ಸಲ ಒಂದು ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರ ಕೊಡಲೇಬೇಕು, ಅದರಲ್ಲಿ ಮಕ್ಕಳ ಕಾಲು ಮುರಿಯುವ ಅಪಾಯವಿದೆ.

ಪ್ರಶ್ನೆ: ನನ್ನದು 1/8 ಅಳತೆಯ ನೈಟ್ರೋ ಬಗ್ಗಿ (ಇಂಧನದ ಎಂಜಿನ್ನಿನ ಗಾಡಿ), 2.4 ಗಿಗಾಹರ್ಟ್ಸ್ ರಿಮೋಟ್. ಮಾಲಾದೇವಿ ಮೈದಾನದಲ್ಲಿ ಓಡಿಸುವಾಗ ಸ್ಟಿಯರಿಂಗ್ ಒಮ್ಮೆಲೇ ಸತ್ತು, ಗಾಡಿ ಪೂರ್ತಿ ಥ್ರಾಟಲ್‌ನಲ್ಲೇ ಹೋಗಿ ಕಲ್ಲಿಗೆ ಬಡಿಯಿತು. ಫೇಲ್‌ಸೇಫ್ ಸೆಟ್ ಮಾಡಿದ್ದೆ. ಮನೆಯಲ್ಲಿ ರಿಮೋಟ್ ಆಫ್ ಮಾಡಿ ನೋಡಿದರೆ ಬ್ರೇಕ್ ಹಿಡಿಯುತ್ತದೆ. ಅಂಗಡಿಯವರು ಹೊರಗಿನ ಫೇಲ್‌ಸೇಫ್ ಡಬ್ಬಿ ಹಾಕಿಸಿ ಎನ್ನುತ್ತಾರೆ. ಹಾಕಿಸಲೇ? (ಕೋಡಿಬಾಗ, ಕಾರವಾರ)

ಉತ್ತರ: ಬೇಡ. ರಿಮೋಟ್ ಆಫ್ ಮಾಡಿದಾಗ ಬ್ರೇಕ್ ಹಿಡಿಯುತ್ತದೆ ಎಂದ ಮೇಲೆ ನಿಮ್ಮ ಫೇಲ್‌ಸೇಫ್ ಸರಿಯಾಗಿಯೇ ಇದೆ. ಮೈದಾನದಲ್ಲಿ ಹೋದದ್ದು ಸಿಗ್ನಲ್ ಅಲ್ಲ, ಕರೆಂಟು. ಫೇಲ್‌ಸೇಫ್ ಎಂದರೆ ರಿಮೋಟಿನ ಸಿಗ್ನಲ್ ಬಾರದಿದ್ದಾಗ ಗಾಡಿಯೊಳಗಿನ ರಿಸೀವರ್ ತಾನಾಗಿ ಸರ್ವೋಗೆ (ಸ್ಟಿಯರಿಂಗ್, ಥ್ರಾಟಲ್, ಬ್ರೇಕ್ ತಿರುಗಿಸುವ ಪುಟ್ಟ ಮೋಟಾರಿಗೆ) ಕೊಡುವ ಆಜ್ಞೆ. ಆಜ್ಞೆ ಕೊಡಲು ರಿಸೀವರಿಗೆ ಜೀವ ಇರಬೇಕು, ಪಾಲಿಸಲು ಸರ್ವೋಗೆ ಜೀವ ಇರಬೇಕು, ಎರಡಕ್ಕೂ ಬ್ಯಾಟರಿ ಒಂದೇ. ಅದು ಕೈಕೊಟ್ಟ ಕ್ಷಣ ಸರ್ವೋ ಇದ್ದಲ್ಲೇ ನಿಲ್ಲುತ್ತದೆ. ನೈಟ್ರೋ ಎಂಜಿನ್ನಿಗಾದರೋ ಓಡಲು ಬ್ಯಾಟರಿಯೇ ಬೇಡ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 16 ಮೀಟರಿಗೂ ಮಿಕ್ಕಿ. ಮೂರೂವರೆ ಕಿಲೋ ತೂಕದ ಗಾಡಿ ಆ ವೇಗದಲ್ಲಿ ಯಾರ ಕಾಲಿಗೂ ಬಡಿಯಬಾರದು.

ಅಂಗಡಿಯವರು ಹೇಳಿದ ಡಬ್ಬಿ ಹಳೆಯ 27 ಮೆಗಾಹರ್ಟ್ಸ್ ಸೆಟ್ಟುಗಳ ಕಾಲದ್ದು. ರಿಸೀವರಿನಿಂದ ಬರುವ ಪಲ್ಸ್ (ಆಜ್ಞೆ ಹೊತ್ತ ವಿದ್ಯುತ್ ಮಿಡಿತ) ಕೆಟ್ಟರೆ ಅಥವಾ ವೋಲ್ಟೇಜ್ ಇಳಿದರೆ ಅದು ಥ್ರಾಟಲ್ ಸರ್ವೋವನ್ನು ಬ್ರೇಕಿಗೆ ತರುತ್ತದೆ. ಆದರೆ ಅದೂ ಅದೇ ಬ್ಯಾಟರಿಯನ್ನೇ ನೆಚ್ಚಿಕೊಂಡಿದೆ. ಸ್ವಿಚ್ ಕಡಿದುಕೊಂಡರೆ ಡಬ್ಬಿಯೂ ಸತ್ತಂತೆಯೇ. ಇನ್ನೊಂದು ಮಾತು: ಸಿಗ್ನಲ್ ಹೋದಾಗ ಕೊನೆಯ ಆಜ್ಞೆಯನ್ನೇ ಹಿಡಿದುಕೊಳ್ಳುವ ಅಗ್ಗದ 2.4 ರಿಸೀವರುಗಳಿವೆ. ಅವು ಸರಿಯಾದ ಪಲ್ಸನ್ನೇ ಕೊಡುತ್ತಿರುವುದರಿಂದ ಸಿಗ್ನಲ್ ಹೋದದ್ದು ಡಬ್ಬಿಗೆ ತಿಳಿಯುವುದೇ ಇಲ್ಲ. ಇದನ್ನು ಹೇಳದೆ ಡಬ್ಬಿ ಮಾರುವವರ ಮಾತು ಕೇಳಬೇಡಿ.

ಮೊದಲು ಗಾಡಿಯ ಸ್ವಿಚ್ ನೋಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಮೊದಲು ಹಾಳಾಗುವುದು ಅದೇ. ಆನ್ ಇಟ್ಟು, ಸ್ಟಿಯರಿಂಗ್ ತಿರುಗಿಸುತ್ತಾ ಸ್ವಿಚ್ಚನ್ನು ಬೆರಳಲ್ಲಿ ಅಲ್ಲಾಡಿಸಿ. ಸರ್ವೋ ಒಮ್ಮೆ ಬೆಚ್ಚಿದರೂ ಬದಲಿಸಿ, ಉಜ್ಜಿ ಸರಿಮಾಡುವ ಆಸೆ ಬೇಡ. ನಂತರ ಬ್ಯಾಟರಿ. ಸ್ಪ್ರಿಂಗಿನ ಹೋಲ್ಡರಿನಲ್ಲಿ ನಾಲ್ಕು ಪೆನ್ಸಿಲ್ ಸೆಲ್ ಕೂರಿಸಿದ್ದರೆ ಅದನ್ನು ಕಿತ್ತುಹಾಕಿ. ಕುಣಿತಕ್ಕೆ ಸೆಲ್ ಸರಿಯುತ್ತದೆ, ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿದ ಐದು ಸೆಲ್ಲಿನ 6 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್, 1500ರಿಂದ 2000 ಎಂಎಎಚ್, ಹಾಕಿ. ನಿಮ್ಮ ಸರ್ವೋಗಳು 6 ವೋಲ್ಟ್ ತಡೆಯುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಈಗ ರಿಸೀವರಿನ ಖಾಲಿ ಚಾನೆಲ್ಲಿಗೆ (ಸರ್ವೋ ತಂತಿ ಸಿಕ್ಕಿಸುವ ಜಾಗಕ್ಕೆ) ಮಲ್ಟಿಮೀಟರ್ ಹಚ್ಚಿ. ಚಕ್ರಗಳು ನೆಲಕ್ಕೆ ಒತ್ತಿರುವಂತೆ ಗಾಡಿ ಹಿಡಿದು ಸ್ಟಿಯರಿಂಗನ್ನು ಎಡಬಲಕ್ಕೆ ಪೂರ್ತಿ ಹೊಡೆಯಿರಿ, ಜೊತೆಗೆ ಥ್ರಾಟಲ್, ಬ್ರೇಕ್. 5 ವೋಲ್ಟಿಗಿಂತ ಕೆಳಗೆ ಕಂಡರೆ ಗಾಡಿ ಮೈದಾನಕ್ಕೆ ಬೇಡ. ಮೀಟರ್ ನಿಧಾನದ್ದು, ನಿಜವಾದ ಇಳಿತ ಅದು ತೋರಿಸಿದ್ದಕ್ಕಿಂತ ಹೆಚ್ಚು. ದೊಡ್ಡ ಡಿಜಿಟಲ್ ಸರ್ವೋ ಇದ್ದರೆ ಖಾಲಿ ಚಾನೆಲ್ಲಿಗೆ 4700 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ಹಾಕಬಹುದು, ಪ್ಲಸ್ ಮೈನಸ್ ತಪ್ಪದಂತೆ. ಅದು ಕಣ್ಣುಮಿಟುಕಿಸುವಷ್ಟು ಹೊತ್ತಿನ ಇಳಿತಕ್ಕೆ ಮಾತ್ರ. ಸೋತ ಬ್ಯಾಟರಿಗೆ ಮದ್ದಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಎಂಜಿನ್ನಿಗೆ ಗಾಳಿ, ಇಂಧನ ಬಿಡುವ ಕಾರ್ಬ್ಯುರೇಟರಿನ ತೋಳಿಗೆ ಅದನ್ನು ಮುಚ್ಚುವ ಕಡೆಗೆ ಎಳೆಯುವ ರಿಟರ್ನ್ ಸ್ಪ್ರಿಂಗ್ ಇರಲೇಬೇಕು. ಬ್ಯಾಟರಿ ಸತ್ತರೂ ಲಿಂಕೇಜ್ (ಸರ್ವೋವನ್ನು ಆ ತೋಳಿಗೆ ಜೋಡಿಸುವ ಕಡ್ಡಿ) ಕಳಚಿದರೂ ಕೆಲಸ ಮಾಡುವುದು ಅದೊಂದೇ. ರಬ್ಬರ್ ಬ್ಯಾಂಡ್ ಇಂಧನ ತಾಗಿ ಸಡಿಲಾಗುತ್ತದೆ, ಒಂದು ದಿನದ ಕೆಲಸಕ್ಕೆ ಸಾಕು, ಹೆಚ್ಚಿಗೆ ಬೇಡ. ಪರೀಕ್ಷೆ ಹೀಗೆ: ಎಂಜಿನ್ ಆಫ್ ಇರಲಿ, ಏರ್ ಫಿಲ್ಟರ್ ತೆಗೆಯಿರಿ, ಥ್ರಾಟಲ್ ಪೂರ್ತಿ ಎಳೆದು ಹಿಡಿದು ಗಾಡಿಯ ಸ್ವಿಚ್ ಆಫ್ ಮಾಡಿ. ಕಾರ್ಬ್ಯುರೇಟರಿನ ಒಳಗಿನ ಬಾಯಿ ತಾನಾಗಿ ಮುಚ್ಚಬೇಕು. ಲೋಹದ ಗೇರಿನ ಬಿಗಿ ಸರ್ವೋ ಹಿಂದಕ್ಕೆ ತಿರುಗದಿದ್ದರೆ ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕು. ಮನೆಯಲ್ಲಿ ರಿಮೋಟ್ ಆಫ್ ಮಾಡಿ ನೋಡುವವರು ಎಲ್ಲರೂ ಇದ್ದಾರೆ, ಗಾಡಿ ಆಫ್ ಮಾಡಿ ನೋಡುವವರು ಇಲ್ಲ. ಪೆಟ್ಟು ಬೀಳುವುದು ಅಲ್ಲೇ.

ರಿಮೋಟಿನಲ್ಲಿ ಸರ್ವೋ ತಿರುಗುವ ದಿಕ್ಕು (ರಿವರ್ಸ್) ಬದಲಿಸಿದರೆ ಫೇಲ್‌ಸೇಫನ್ನೂ ಹೊಸದಾಗಿ ಸೆಟ್ ಮಾಡಿ. ಹಳೆಯ ಬ್ರೇಕಿನ ಜಾಗ ಈಗ ಪೂರ್ತಿ ಥ್ರಾಟಲ್ ಆಗಿರಬಹುದು. ಬ್ರೇಕನ್ನು ಸರ್ವೋ ಗುಂಯ್‌ಗುಡುವಷ್ಟು ಒತ್ತಿ ಸೆಟ್ ಮಾಡಬೇಡಿ, ಬ್ಯಾಟರಿ ಅಲ್ಲೇ ಬಸಿದುಹೋಗುತ್ತದೆ.

ಪ್ರಶ್ನೆ: ಕಾರವಾರದಲ್ಲಿ ರೇಂಜ್ ಸಿಗುತ್ತಿಲ್ಲ, ನೌಕಾನೆಲೆಯ ರೇಡಾರ್ ಕಾರಣವಂತೆ. ರಿಸೀವರಿಗೆ ಅಲ್ಯೂಮಿನಿಯಂ ಹಾಳೆ ಸುತ್ತಲೇ?

ಉತ್ತರ: ಸುತ್ತಿದರೆ ಇರುವ ರೇಂಜೂ ಹೋಗುತ್ತದೆ. ಆಂಟೆನಾ ತುದಿಯ 31 ಮಿ.ಮೀ. ಭಾಗವನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ಮೇಲೆತ್ತಿ, ಲೋಹ ಮತ್ತು ಕಾರ್ಬನ್ ಪ್ಲೇಟಿನಿಂದ ದೂರ ಇಡಿ. ತಂತಿ ತುಂಡಾಗಿದೆಯೇ ನೋಡಿ.

ಪ್ರಶ್ನೆ: ಟಾಗೋರ್ ಕಡಲತೀರದಲ್ಲಿ ಗಾಡಿ ಅಲೆಗೆ ಸಿಕ್ಕಿತು. ರಿಸೀವರನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಿದ್ದೇನೆ. (ಅಂಕೋಲಾ)

ಉತ್ತರ: ತೆಗೆಯಿರಿ. ಅಕ್ಕಿ ಉಪ್ಪನ್ನು ಹೀರುವುದಿಲ್ಲ, ತಾಮ್ರವನ್ನು ತಿನ್ನುವುದು ಉಪ್ಪೇ. ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಫ್ಯಾನಿನ ಕೆಳಗೆ ಒಂದು ದಿನ ಒಣಗಿಸಿ. ಎಷ್ಟು ತಡವಾಯಿತೋ ಅಷ್ಟು ಆಸೆ ಕಡಿಮೆ.

ಪ್ರಶ್ನೆ: ಎರಡು ಸೆಲ್ಲಿನ ಲೈಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ಹಾಕಿದ ಗಾಡಿ ವೋಲ್ಟೇಜ್ ಇಳಿದರೂ ಕಟ್-ಆಫ್ ಆಗದೆ ಓಡಿತು, ಬ್ಯಾಟರಿ ಊದಿದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಸರಿಹೋಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ. (ಶಿರಸಿ)

ಉತ್ತರ: ಚುಚ್ಚಿದರೆ ಬೆಂಕಿ ಹತ್ತುತ್ತದೆ. ಅದನ್ನು ಕಲಿಸುವವನು ನಿಮ್ಮ ಮನೆ ಸುಡಲು ಹೊರಟವನು. ಊದಿದ ಪ್ಯಾಕನ್ನು ಮತ್ತೆ ಚಾರ್ಜಿಗೂ ಹಾಕಬೇಡಿ. ಮೋಟಾರಿನ ವೇಗ ನೋಡಿಕೊಳ್ಳುವ ಸ್ಪೀಡ್ ಕಂಟ್ರೋಲರಿನಲ್ಲಿ ಬ್ಯಾಟರಿಯ ಬಗೆ ಆರಿಸುವ ಜಂಪರ್ ಲೈಪೊ ಬದಲು ನಿಕಲ್ ಕಡೆಗಿದೆಯೇ ನೋಡಿ. ಲೈಪೊಗೆ ಸೆಲ್ಲಿಗೆ 3.2 ವೋಲ್ಟ್, ಅಂದರೆ ಎರಡು ಸೆಲ್ಲಿಗೆ 6.4ರಲ್ಲಿ ನಿಲ್ಲಬೇಕು.