ಸಣ್ಣ ನಾಯಿ ಬೇಕಂದ್ರೆ ಮರಿ ಹುಡುಕಬೇಡಿ

ನಮಸ್ಕಾರ ರೀ. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡು ಕೋಣೆಯ ಮನೆ, ಜೊತೆಗೆ ವಯಸ್ಸಾದ ತಾಯಿ, ಸಣ್ಣ ಮಿಶ್ರತಳಿ ನಾಯಿ ದತ್ತು ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಮೊದಲು ಪಶು ಆಸ್ಪತ್ರೆಯಲ್ಲಿ, ಹತ್ತಿರದ ಪೆಟ್ ಕ್ಲಿನಿಕ್‌ಗಳಲ್ಲಿ ಹೇಳಿಡಿ. ಯಾರೋ ಬಿಟ್ಟುಹೋದ ನಾಯಿಯ ಸುದ್ದಿ ಅಲ್ಲಿಗೇ ಬೇಗ ಬರುತ್ತದೆ. ನಾಯಿ ರಕ್ಷಿಸುವವರ ಪರಿಚಯವೂ ಅವರಿಗೆ ಇರುತ್ತದೆ.

ಒಂದು ವರ್ಷ ದಾಟಿದ್ದನ್ನೇ ನೋಡಿ. ಮಿಶ್ರತಳಿ ಮರಿ ಎಷ್ಟು ಬೆಳೆಯುತ್ತೆ ಅಂತ ಯಾರೂ ಖಚಿತವಾಗಿ ಹೇಳಲಾರರು. ಮುಧೋಳ ತಳಿ ಬೆರೆತಿದ್ದರಂತೂ ಓಡಾಡಲು ಬಯಲೇ ಬೇಕು. ಪಾಮೇರಿಯನ್ ಮಿಶ್ರ ಆದರೆ ನಿಮ್ಮ ಮನೆಗೆ ಹೊಂದುತ್ತದೆ, ಆದರೆ ಬೊಗಳೋದು ಸ್ವಲ್ಪ ಜಾಸ್ತಿ.

ನಮ್ಮ ಚಿನ್ನಿ ಬಂದಾಗ ಮೂರು ದಿನ ಮಂಚದ ಕೆಳಗೇ ಇದ್ದಳು. ನಾಲ್ಕನೇ ದಿನ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೂಗಷ್ಟೇ ಹೊರಗೆ ಹಾಕಿದಳು. ನಿಮ್ಮದೂ ಹಾಗೆ ಅಡಗಿದರೆ ಎಳೆಯಬೇಡಿ, ಸುಮ್ನೆ ಪಕ್ಕದಲ್ಲಿ ಕೂತಿರಿ.

ನೋಡಲು ಹೋಗುವಾಗ ತಾಯಿಯವರನ್ನೂ ಕರೆದುಕೊಂಡು ಹೋಗಿ, ದಿನವಿಡೀ ಜೊತೆಗಿರೋದು ಅವರೇ ಅಲ್ವಾ? ಲಸಿಕೆ ಕಾರ್ಡ್ ಕೇಳಿ, ರೇಬೀಸ್ ಚುಚ್ಚುಮದ್ದು ಮತ್ತು ಸಂತಾನಹರಣ ಆಗಿದೆಯಾ ವಿಚಾರಿಸಿ. ನಾಯಿ ತೋರಿಸದೆ ಮುಂಗಡ ಕೇಳುವವರಿಗೆ ಒಂದು ರೂಪಾಯಿನೂ ಕೊಡಬೇಡಿ.